ಪಲ್ಲಿ ಹಲ್ಲಿಯಾಯ್ತು, ಪಟಪಟ ಯಾಕೆ ಹಟಹಟ ಆಗಲಿಲ್ಲ?

[ಸದ್ದು: ಕಾಗೆ ಕೂಗು]

ನಮಸ್ಕಾರ. ಈ ಹಕ್ಕಿಗೆ ಹೆಸರಿಟ್ಟೋರು ಜಾಸ್ತಿ ತಲೆ ಕೆಡಿಸಿಕೊಂಡಂಗಿಲ್ಲ. ಕಾ ಕಾ ಅಂತು, ಕಾಗೆ ಆಯ್ತು. ತೆಲುಗಲ್ಲಿ ಕಾಕಿ, ತಮಿಳಲ್ಲಿ ಕಾಕ್ಕೈ, ಸಂಸ್ಕೃತದಲ್ಲಿ ಕಾಕ. ಯಾರು ಯಾರಿಂದ ಕಡ ತಂದ್ರು ಅಂತ ಹೇಳೋದು ಕಷ್ಟ. ಎಲ್ಲರ ಮನೆ ಮೇಲೂ ಅದು ಹೀಗೇ ಕೂಗುತ್ತಲ್ಲ!

[ಪರದೆಯಲ್ಲಿ: ಯಾಸ್ಕ, ನಿರುಕ್ತ]

ಇಷ್ಟು ಸರಳ ವಿಷಯಕ್ಕೂ ವಾದ ನಡೆದಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಯಾಸ್ಕ ಅನ್ನೋ ಪಂಡಿತ, ಸಂಸ್ಕೃತ ಪದಗಳ ಮೂಲ ಹೇಳೋ ತನ್ನ ನಿರುಕ್ತ ಅನ್ನೋ ಗ್ರಂಥದಲ್ಲಿ, ಕಾಕ ಅನ್ನೋದು ಕೂಗಿನ ಅನುಕರಣೆ, ಹಕ್ಕಿಗಳ ಹೆಸರಲ್ಲಿ ಇದು ಬಹಳ ಅಂತಾನೆ. ಔಪಮನ್ಯವ ಅನ್ನೋ ಇನ್ನೊಬ್ಬ ಪಂಡಿತ ಇದನ್ನ ಒಪ್ಪಲ್ಲ ಅಂತಲೂ ಅವನೇ ಬರೆದಿಟ್ಟಿದ್ದಾನೆ. ಔಪಮನ್ಯವನ ಪ್ರಕಾರ ಶಬ್ದಾನುಕರಣೆ ಅನ್ನೋದೇ ಇಲ್ಲ. ಕಾಕ ಅಂದ್ರೆ ಓಡಿಸಬೇಕಾದದ್ದು. ಮಾಳಿಗೆ ಮೇಲೆ ಹಪ್ಪಳ ಒಣಹಾಕಿದವರ ಓಟೆಲ್ಲ ಅವನಿಗೇ ಬೀಳುತ್ತೆ ಬಿಡಿ. ನನ್ನ ಓಟು ಮಾತ್ರ ಯಾಸ್ಕನಿಗೆ. ಸಾಕ್ಷಿ ಕನ್ನಡದಲ್ಲೇ ಇದೆ.

[ಪರದೆಯಲ್ಲಿ: ಪುಲಿ, ಪಾವು, ಪಕ್ಕಿ, ಪಲ್ಲಿ. ಒಂದೊಂದಾಗಿ ಪ ಅಳಿಸಿ ಹ ಬರಲಿ]

ಹಳಗನ್ನಡದ ಪದಗಳ ಮೊದಲಲ್ಲಿದ್ದ ಪಕಾರ, ಸುಮಾರು 10ನೇ ಶತಮಾನದಿಂದ ಮೆಲ್ಲಮೆಲ್ಲಗೆ ಹಕಾರ ಆಗ್ತಾ ಬಂತು. ಪುಲಿ ಹುಲಿಯಾಯ್ತು, ಪಾವು ಹಾವಾಯ್ತು, ಪಕ್ಕಿ ಹಕ್ಕಿಯಾಯ್ತು. ಆದ್ರೆ ಅದೇ ಹಕ್ಕಿ ರೆಕ್ಕೆ ಬಡಿದ್ರೆ? ಇವತ್ತಿಗೂ ಪಟಪಟ. ಹಟಹಟ ಅಂದು ನೋಡಿ, ರೆಕ್ಕೆ ಕಾಣಿಸೋದೇ ಇಲ್ಲ. ಪಿಸುಪಿಸು ಕೂಡ ಹಿಸುಹಿಸು ಆಗಲಿಲ್ಲ. ಬೇರೆ ಪದಗಳು ಬಾಯಿಂದ ಬಾಯಿಗೆ ಸವೀತಾ ಹೋಗ್ತವೆ. ಸದ್ದಿನ ಪದ ಹಾಗಲ್ಲ, ಕಿವಿ ಅದನ್ನ ಪ್ರತಿ ಸಲ ಅಸಲಿ ಸದ್ದಿನ ಜೊತೆ ತಾಳೆ ನೋಡುತ್ತೆ. ಶಾಲೇಲಿ ಅನುಕರಣಾವ್ಯಯ ಅಂತ ಬಾಯಿಪಾಠ ಮಾಡಿದ್ವಲ್ಲ, ಅವೇ ಇವು. ಪ ಹೋಗಿ ಹ ಬಂದ ಸದ್ದಿನ ಪದ ನಿಮ್ಮೂರಲ್ಲಿದ್ರೆ ಕಾಮೆಂಟ್ ಮಾಡಿ, ನನ್ನ ವಾದ ಬಿದ್ದೋಗುತ್ತೆ.

[ಸದ್ದು: ಮಳೆ, ಕಪ್ಪೆಗಳು]

ಇವಕ್ಕೆ 'ಗುಟ್ಟು' ಸೇರಿಸಿದ್ರೆ ಕ್ರಿಯಾಪದ ರೆಡಿ. ಹಾವು ಬುಸುಗುಟ್ಟುತ್ತೆ, ನಾಯಿ ಗುರುಗುಟ್ಟುತ್ತೆ, ಕಪ್ಪೆ ವಟಗುಟ್ಟುತ್ತೆ. ಅಲ್ಲಿಂದ ಮನುಷ್ಯರ ಮೇಲೆ ಬರೋದು ಎಷ್ಟು ಹೊತ್ತು? ಬೆಳಿಗ್ಗೆಯಿಂದ ವಟವಟ ಅಂತಿದ್ದೀಯಲ್ಲ ಅಂತ ಬೈಸಿಕೊಳ್ಳದವರು ಯಾರಿದ್ದಾರೆ!

[ಹತ್ತಿರದ ದೃಶ್ಯ: ಟ್ಯೂಬ್‌ಲೈಟ್ ಪಕ್ಕದಲ್ಲಿ ಹಲ್ಲಿ]

ಹಲ್ಲಿಗೆ ಮಾತ್ರ ಮರ್ಯಾದೆ. ಮಾತಿನ ನಡುವೆ ಅದು ಲೊಚಗುಟ್ಟಿದ್ರೆ ಅಜ್ಜಿ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅಂತಾರೆ. ಆಡಿದ ಮಾತು ಸತ್ಯ ಅಂತ ಲೆಕ್ಕ. ಅದೇ ಅಜ್ಜಿ ಯಾರದೋ ಕಷ್ಟ ಕೇಳಿ ತಾವೇ ಲೊಚಗುಟ್ಟಿದ್ರೆ, ಅಯ್ಯೋ ಪಾಪ ಅಂತ ಅರ್ಥ. ಇನ್ನು ನಾಯಿಯ ಬೊಗಳೋದನ್ನ ಎದುರಿಗಿರೋರಿಗೆ ಹಚ್ಚಿದ್ರೆ ಏನಾಗುತ್ತೆ ಅಂತ ನಾನು ಹೇಳಲ್ಲ. ಟ್ರೈ ಮಾಡೋಕೂ ಹೋಗಬೇಡಿ.