ಫಾರಂ 16 ಕೈಗೆ ಬಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ಜೂನ್ ತಿಂಗಳ ಮಧ್ಯ ಬಂತು ಅಂದ್ರೆ ಮೈಸೂರಿನ ನಮ್ಮ ಕುವೆಂಪುನಗರದ ಮನೆಗೆ ಅಕ್ಕಪಕ್ಕದವರು ಫೈಲ್ ಹಿಡಿದು ಬರುತ್ತಾರೆ. ಎಲ್ಲರದ್ದೂ ಒಂದೇ ಮಾತು. ‘ಫಾರಂ 16 ಬಂದಿದೆ, ಆದಾಯ ತೆರಿಗೆ ರಿಟರ್ನ್ಸ್ ಹಾಕಿಬಿಡೋಣವಾ?’ ನಾನು ಮೊದಲು ಕೇಳುವುದು, ಪಾಸ್‌ಬುಕ್ ಎಂಟ್ರಿ ಹಾಕಿಸಿದ್ದೀರಾ ಅಂತ.

ಯಾಕೆ ಅಂದ್ರೆ, ಫಾರಂ 16 ಕಚೇರಿಯವರು ಕೊಡುವ ನಿಮ್ಮ ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಲೆಕ್ಕ. ಉಳಿತಾಯ ಖಾತೆಯ ಬಡ್ಡಿ, ಎಫ್‌ಡಿ ಬಡ್ಡಿ, ಮಹಡಿ ಮನೆಯ ಬಾಡಿಗೆ, ಇವನ್ನೆಲ್ಲ ನೀವಾಗಿ ಕಚೇರಿಗೆ ತಿಳಿಸದಿದ್ದರೆ ಅದರಲ್ಲಿ ಇರುವುದಿಲ್ಲ. ಬ್ಯಾಂಕಿನವರು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿಲ್ಲ, ಹಾಗಾಗಿ ತೋರಿಸಬೇಕಾಗಿಲ್ಲ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ತಪ್ಪು. ಹಿಡಿಯಲಿ, ಬಿಡಲಿ, ಬಡ್ಡಿ ಆದಾಯವೇ.

ಕೆಲವು ವರ್ಷದ ಹಿಂದೆ ನಾನೇ ಆತುರಪಟ್ಟೆ. ರೀಫಂಡ್ ಬೇಗ ಬರಲಿ ಅಂತ ಮೇ ತಿಂಗಳಲ್ಲೇ ಹಾಕಿದೆ. ಜನವರಿಯಿಂದ ಮಾರ್ಚ್‌ವರೆಗೆ ಹಿಡಿದ ಟಿಡಿಎಸ್ ಲೆಕ್ಕ ಕೊಡಲು ಬ್ಯಾಂಕುಗಳಿಗೆ ಮೇ 31ರವರೆಗೂ ಸಮಯ ಇರುತ್ತದೆ, ಅದು 26ಎಎಸ್‌ನಲ್ಲಿ, ಅಂದ್ರೆ ನಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿಯಲ್ಲಿ, ಕಾಣಿಸಿಕೊಳ್ಳಲು ಇನ್ನೂ ಕೆಲವು ದಿನ ಬೇಕು. ನಾನು ನೋಡಿದಾಗ ಆ ಮೂರು ತಿಂಗಳ ಜಾಗ ಖಾಲಿ ಇತ್ತು. ಖಾಲಿ ಇದ್ದದ್ದನ್ನು ನಂಬಿದೆ, ಪಾಸ್‌ಬುಕ್ ತೆಗೆದು ನೋಡಲಿಲ್ಲ. ಆಮೇಲೆ ಲೆಕ್ಕ ಹೊಂದುತ್ತಿಲ್ಲ ಅಂತ ಸಂದೇಶ ಬಂತು. ಮತ್ತೆ ಕೂತು, ತಿದ್ದಿದ ರಿಟರ್ನ್ಸ್ ಹಾಕಿ, ಬಾಕಿ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿದೆ.

ಅದಕ್ಕೇ ಈಗ ಊಟದ ಮೇಜಿನ ಮೇಲೆ ಮೂರನ್ನೂ ಪಕ್ಕಪಕ್ಕ ಹರಡಿಕೊಳ್ಳುತ್ತೇನೆ. ಫಾರಂ 16, ಆದಾಯ ತೆರಿಗೆ ಪೋರ್ಟಲ್‌ನಿಂದ ತೆಗೆದ 26ಎಎಸ್ ಮತ್ತು ಎಐಎಸ್ (ಇಲಾಖೆಗೆ ತಿಳಿದುಬಂದ ನಮ್ಮ ಆದಾಯ, ವ್ಯವಹಾರಗಳ ಪಟ್ಟಿ), ನಮ್ಮ ಪಾಸ್‌ಬುಕ್. ಪೆನ್ಸಿಲ್ ಹಿಡಿದು ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಹೋಗುವುದು. ಪೋರ್ಟಲ್‌ನಲ್ಲಿರುವ ಸಂಬಳ ಫಾರಂ 16ಕ್ಕೂ, ಬಡ್ಡಿ ಪಾಸ್‌ಬುಕ್‌ಗೂ ಹೊಂದಿತಾ, ನೀವು ಸಿದ್ಧ. ಎಐಎಸ್‌ನಲ್ಲಿ ಇದೆ ಅಂತ ಸುಮ್ನೆ ಒಪ್ಪಿಕೊಳ್ಳಲೂ ಬೇಡಿ. ಹೋದ ವರ್ಷ ಪಕ್ಕದ ಬೀದಿಯವರೊಬ್ಬರಿಗೆ ಅವರದ್ದಲ್ಲದ ಬಡ್ಡಿ ಕಾಣಿಸುತ್ತಿತ್ತು. ಹಣ ಅವರ ತಂದೆಯದು, ಜಂಟಿ ಎಫ್‌ಡಿಯಲ್ಲಿ ಮೊದಲ ಹೆಸರು ಮಾತ್ರ ಮಗಳದ್ದು. ಇಂಥದ್ದನ್ನು ಹೇಳಿಕೊಳ್ಳಲು ಅಲ್ಲೇ ಪ್ರತಿಕ್ರಿಯೆ ಕೊಡುವ ಅವಕಾಶ ಇದೆ.

ಇನ್ನು ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯವರಿಗೆ ಒಂದು ಮಾತು. ಇಲ್ಲಿ ಕೆಲಸ, ಊರಲ್ಲಿ ಕಬ್ಬಿನ ಗದ್ದೆ, ಹೀಗೆ ಎಷ್ಟೋ ಜನ ಇದ್ದಾರೆ ಅಲ್ವಾ? ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ತೋರಿಸಬೇಕು. ಅದು 5,000 ರೂಪಾಯಿ ದಾಟಿದರೆ ರಿಟರ್ನ್ಸ್‌ನ ಸುಲಭದ ನಮೂನೆ ಐಟಿಆರ್-1 ನಿಮಗೆ ಆಗುವುದಿಲ್ಲ, ಬರೀ ಸಂಬಳದವರಾದರೂ ಐಟಿಆರ್-2 ಹಾಕಬೇಕು. ಉಳಿದ ಆದಾಯಕ್ಕೆ ತೆರಿಗೆ ಎಷ್ಟು ಅಂತ ಲೆಕ್ಕ ಹಾಕುವಾಗ ಈ ಮೊತ್ತವೂ ಸೇರುತ್ತದೆ. ಕಾರ್ಖಾನೆಯವರು ಕೊಟ್ಟ ಕಬ್ಬಿನ ಬಿಲ್ಲು, ಗೊಬ್ಬರ, ಕೂಲಿಯ ಚೀಟಿ ಎಲ್ಲ ಒಂದು ಕಡೆ ಎತ್ತಿಡಿ.

ಕೊನೇ ದಿನದವರೆಗೂ ಕಾಯಬೇಡಿ. ಸಂಬಳದವರಿಗೆ ಸಾಮಾನ್ಯವಾಗಿ ಜುಲೈ 31 ಗಡುವು, ತಪ್ಪಿದರೆ 5,000 ರೂಪಾಯಿವರೆಗೆ ಶುಲ್ಕ. ನನಗಂತೂ ಜೂನ್ ಕೊನೆಯ ವಾರವೇ ಸರಿಯಾದ ಹೊತ್ತು.

ಹಾಕಿದ ಮೇಲೆ ಇ-ವೆರಿಫೈ ಮಾಡಬೇಕು, ಅಂದ್ರೆ ಹಾಕಿದ್ದು ನಾವೇ ಅಂತ ಆನ್‌ಲೈನ್‌ನಲ್ಲಿ ಖಚಿತಪಡಿಸಬೇಕು, 30 ದಿನದ ಒಳಗೆ. ಆಧಾರ್‌ಗೆ ಜೋಡಿಸಿದ ಮೊಬೈಲ್‌ ಪಕ್ಕದಲ್ಲೇ ಇರಲಿ. ನಮ್ಮ ಮನೆಗೆ ಬಂದವರನ್ನು ಆ ಒಟಿಪಿ ಹಾಕುವವರೆಗೂ ನಾನು ಏಳಲು ಬಿಡುವುದಿಲ್ಲ.