ಹುಳದ ಮನೆಯ ಬಯಾಲಜಿ

ಎಲ್ಲರಿಗೂ ನಮಸ್ಕಾರ.

ರಾಷ್ಟ್ರೀಯ ವಿಜ್ಞಾನ ದಿನ ಅಂದಮೇಲೆ ರಾಮನ್ ಅವರ ಬಗ್ಗೆ ಮಾತಾಡಬೇಕು. ಆ ಕೆಲಸವನ್ನು ನಿಮ್ಮ ಭೌತಶಾಸ್ತ್ರದ ಮೇಷ್ಟ್ರು ಆಗಲೇ ಚೆನ್ನಾಗಿ ಮಾಡಿದ್ದಾರೆ. ನಾನು ಪ್ರಾಣಿಶಾಸ್ತ್ರ ಓದುತ್ತಿರುವವಳು, ಈ ತಾಲ್ಲೂಕಿನ ರೇಷ್ಮೆ ಮನೆಯವಳು. ಶಿಡ್ಲಘಟ್ಟದಲ್ಲಿ ನಿಂತು ರೇಷ್ಮೆ ಹುಳ ಬಿಟ್ಟು ಹುಲಿ, ಆನೆ ಅಂತ ಶುರು ಮಾಡಿದರೆ ಅಮ್ಮ ಇವತ್ತು ಮನೆಯೊಳಗೆ ಬಿಡುವುದಿಲ್ಲ!

ನೇರವಾಗಿ ವಿಷಯಕ್ಕೆ ಬರುತ್ತೇನೆ. ರೇಷ್ಮೆ ಹುಳದ ಜೀವನಚಕ್ರ ಬರೆಯಿರಿ ಅಂದರೆ ನೀವೆಲ್ಲ ಚಿತ್ರ ಸಮೇತ ಬರೆಯುತ್ತೀರಿ. ಅದೇ ದಿನ ಸಂಜೆ ಮನೆಯಲ್ಲಿ ಹುಳ ಸಾಯುತ್ತಿರುತ್ತವೆ. ‘ಯಾರದೋ ದೃಷ್ಟಿ ಬಿತ್ತು’ ಅಂತ ದೊಡ್ಡವರು ಅಂದರೆ ಸುಮ್ಮನೆ ತಲೆಯಾಡಿಸುತ್ತೀರಿ. ಪರೀಕ್ಷೆಯ ಹುಳ ಬೇರೆ, ಮನೆಯ ಹುಳ ಬೇರೆ ಅಂದುಕೊಂಡಿದ್ದೀರಾ? ಎರಡೂ ಒಂದೇ ಹುಳ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಯಾಕೆ ಅಂದರೆ, ರೋಗ ಬರುವುದು ಸೂಕ್ಷ್ಮಜೀವಿಯಿಂದ ಅಂತ ಜಗತ್ತು ಕಲಿತದ್ದರಲ್ಲಿ ಈ ಹುಳದ ಪಾಲು ಬಹಳ ದೊಡ್ಡದು.

ಸುಣ್ಣಕಟ್ಟು ರೋಗ ನೀವೆಲ್ಲ ನೋಡಿದ್ದೀರಿ. ಹುಳ ಸತ್ತು, ಬಿಳಿಚಿಕೊಂಡು, ಗಟ್ಟಿಯಾಗುತ್ತದೆ. ಅದಕ್ಕೆ ಕಾರಣ ಒಂದು ಶಿಲೀಂಧ್ರ ಅಂತ 1835ರಲ್ಲಿ ತೋರಿಸಿಕೊಟ್ಟವನು ಇಟಲಿಯ ಅಗಸ್ಟಿನೊ ಬಾಸ್ಸಿ. ಪಾಶ್ಚರ್‌ಗಿಂತ ಎಷ್ಟೋ ಮೊದಲು! ಆ ಶಿಲೀಂಧ್ರಕ್ಕೆ ಅವನದೇ ಹೆಸರಿಟ್ಟಿದ್ದಾರೆ, ಬ್ಯೂವೇರಿಯಾ ಬಾಸ್ಸಿಯಾನಾ.

ಪಾಶ್ಚರ್ ಅಂದೆನಲ್ಲ, ಅವರ ಕತೆ ಹೇಳದೆ ಮುಂದೆ ಹೋಗುವುದಕ್ಕೆ ನನ್ನ ಕೈಲಿ ಆಗುವುದಿಲ್ಲ. 1865. ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ರೇಷ್ಮೆ ಬೆಳೆ ನೆಲ ಕಚ್ಚಿತ್ತು. ಹುಳದ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಅದೇ ನಮ್ಮ ಗಂಟು ರೋಗ, ಪುಸ್ತಕದ ಪೆಬ್ರಿನ್. ನೀನು ಹೋಗಿ ನೋಡು ಅಂತ ಪಾಶ್ಚರ್‌ಗೆ ಅವರ ಗುರು ಡ್ಯೂಮಾ ಹೇಳಿದರು. ಪಾಶ್ಚರ್ ರಸಾಯನಶಾಸ್ತ್ರದವರು, ರೇಷ್ಮೆ ಹುಳವನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಆದರೂ ಹೊರಟರು. ಅವಿನ್ಯೋನ್ ಊರಲ್ಲಿ ಫಾಬ್ರ್ ಅಂತ ಒಬ್ಬರು ಮೇಷ್ಟ್ರಿದ್ದರು, ಹುಳಹುಪ್ಪಟೆಗಳನ್ನು ನೋಡುತ್ತಲೇ ಜೀವನ ಕಳೆದವರು. ಪಾಶ್ಚರ್ ಈ ಫಾಬ್ರ್ ಮನೆಗೆ ಹೋಗಿ, ಒಂದು ಗೂಡು ತೋರಿಸುತ್ತೀರಾ ಅಂದರು. ಫಾಬ್ರ್ ಪಕ್ಕದ ಮನೆಯಿಂದ ಹಿಡಿ ಗೂಡು ತಂದುಕೊಟ್ಟರು. ಪಾಶ್ಚರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಇದೆಯಲ್ಲ ಅಂದರು. ಪ್ಯೂಪ ಇದೆ ಅಂದರು ಫಾಬ್ರ್. ಪ್ಯೂಪ ಅಂದರೆ ಏನು ಅಂತ ಕೇಳಿದರು ಪಾಶ್ಚರ್! ಹುಳ ಚಿಟ್ಟೆಯಾಗುವ ಮೊದಲು ಹೀಗಾಗುತ್ತದೆ ಅಂದರು ಫಾಬ್ರ್. ಎಲ್ಲ ಗೂಡಿನಲ್ಲೂ ಇರುತ್ತದಾ ಅಂತ ಮತ್ತೊಂದು ಪ್ರಶ್ನೆ.

ನಗುತ್ತಿದ್ದೀರಿ. ನಗಬೇಕಾದ್ದೇ, ನಿಮ್ಮ ಮನೆಯ ಅಂಗನವಾಡಿ ಮಗುವಿಗೂ ಗೊತ್ತಿರುವ ವಿಷಯ ಅದು. ಗೂಡಿನ ಮಾರುಕಟ್ಟೆಯಲ್ಲಿ ಪಾಶ್ಚರ್ ಹೀಗೆ ಕೇಳಿದ್ದರೆ ನೂಲು ತೆಗೆಯುವ ನಮ್ಮ ರೀಲರ್‌ಗಳು ಅವರನ್ನು ಪಕ್ಕಕ್ಕೆ ಕರೆದು ಟೀ ಕುಡಿಸಿ ಕಳಿಸುತ್ತಿದ್ದರು. ಆದರೆ ಮುಂದೇನಾಯಿತು ನೋಡಿ. ಆ ಮನುಷ್ಯ ಹುಳ ಸಾಕಿದರು, ಮೈಕ್ರೋಸ್ಕೋಪಿನಲ್ಲಿ ನೋಡಿದರು, ಎಣಿಸಿದರು, ಬರೆದಿಟ್ಟರು. 1868ರಲ್ಲಿ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಆದರೂ ಕೆಲಸ ಬಿಡಲಿಲ್ಲ. ಕೊನೆಗೆ ಅವರು ಕೊಟ್ಟ ದಾರಿ ಇಷ್ಟೇ: ಒಂದೊಂದು ಹೆಣ್ಣು ಚಿಟ್ಟೆಯ ಮೊಟ್ಟೆಯನ್ನೂ ಬೇರೆ ಬೇರೆ ಇಡಿ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ. ರೋಗದ ಕಣ ಕಂಡರೆ ಆ ಮೊಟ್ಟೆ ಸುಟ್ಟುಬಿಡಿ. ಯಾಕೆ ಅಂದರೆ ಈ ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ನಿಮ್ಮಪ್ಪ ಬಿತ್ತನೆ ಕೋಠಿಯಿಂದ, ಅಂದರೆ ಮೊಟ್ಟೆ ತಯಾರಿಸುವ ಕೇಂದ್ರದಿಂದ, ತರುವ ಮೊಟ್ಟೆ ಇವತ್ತಿಗೂ ಇದೇ ಪರೀಕ್ಷೆ ದಾಟಿ ಬರಬೇಕು.

ಗೂಡಿನೊಳಗೆ ಏನಿದೆ ಅಂತ ಗೊತ್ತಿಲ್ಲದವರು ಎಣಿಸಿ ಬರೆದರು. ಎಲ್ಲ ಗೊತ್ತಿರುವ ನಾವು ಎಣಿಸಲಿಲ್ಲ. ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ.

ಹುಡುಗಿಯರಿಗೆ ಒಂದು ಮಾತು. ಹುಡುಗರೂ ಕೇಳಿಸಿಕೊಳ್ಳಿ. ಮುಟ್ಟಾದವರು ಹುಳದ ಮನೆಗೆ ಬಂದರೆ ಹುಳ ಕೆಡುತ್ತದೆ ಅಂತಾರಲ್ವಾ? ಸೊಪ್ಪು ಕೊಯ್ಯುವುದು, ಹಾಕುವುದು, ಹಾಸಿಗೆ ತೆಗೆಯುವುದು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು, ಇದರಲ್ಲೆಲ್ಲ ಹೆಂಗಸರ ದುಡಿಮೆ ಎಷ್ಟು ಅಂತ ನಿಮಗೆ ಗೊತ್ತು. ಹುಳ ಸತ್ತರೆ ಮಾತ್ರ ತಪ್ಪು ಅವರ ಮೈಯದು. ಹಾಲು ರೋಗಕ್ಕೆ ವೈರಸ್ ಕಾರಣ. ಗಂಟು ರೋಗಕ್ಕೆ ನೊಸೀಮಾ ಅನ್ನುವ ಸೂಕ್ಷ್ಮಜೀವಿ. ಮೊಟ್ಟೆಯಿಂದ ಬರದಿದ್ದರೆ ಅವು ಒಳಗೆ ಬರುವುದು ತೊಳೆಯದ ಕೈಯಲ್ಲಿ, ಹೊಲದಿಂದ ನೇರ ಬಂದ ಚಪ್ಪಲಿಯಲ್ಲಿ, ಹಿಂದಿನ ಬೆಳೆಯ ತೊಳೆಯದ ತಟ್ಟೆಯಲ್ಲಿ. ಬಾಗಿಲಲ್ಲಿ ತಡೆಯಬೇಕಾದ್ದು ಆ ಚಪ್ಪಲಿಯನ್ನು. ಅಜ್ಜಿಯ ಹತ್ತಿರ ಜಗಳ ಮಾಡಬೇಡಿ. ಒಂದು ನೋಟ್‌ಬುಕ್ ಇಡಿ. ಯಾವ ದಿನ ಯಾರು ಒಳಗೆ ಬಂದರು, ಬ್ಲೀಚಿಂಗ್ ಪೌಡರ್ ಹಾಕಿದ್ದು ಯಾವಾಗ, ಎಷ್ಟು ಹುಳ ಸತ್ತವು, ಎಲ್ಲ ಬರೆಯಿರಿ. ನಾಲ್ಕೈದು ಬೆಳೆ ಆದಮೇಲೆ ಅಜ್ಜಿಗೆ ಓದಿ ಹೇಳಿ. ಅಜ್ಜಿಯರಿಗೆ ಲೆಕ್ಕ ನಮಗಿಂತ ಚೆನ್ನಾಗಿ ಬರುತ್ತದೆ.

ಜ್ವರಕ್ಕೆ ಕೂತ ಹುಳ, ಅಂದರೆ ಚರ್ಮ ಕಳಚುವುದಕ್ಕೆ ಕೂತ ಹುಳ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದಲ್ಲ? ಆಗ ನಾವು ಸೊಪ್ಪು ನಿಲ್ಲಿಸಿ ಸುಣ್ಣ ಹಾಕುತ್ತೇವೆ. ಹುಳ ಚರ್ಮ ಕಳಚುವುದಕ್ಕೆ ಎಕ್ಡೈಸೋನ್ ಅನ್ನುವ ಹಾರ್ಮೋನ್ ಬೇಕು. 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್ಸನ್ ಅದನ್ನು ಮೊದಲ ಸಲ ಬೇರ್ಪಡಿಸಿದರು. ಎಲ್ಲಿಂದ? ರೇಷ್ಮೆ ಪ್ಯೂಪದಿಂದ! ಸುಮಾರು 500 ಕಿಲೋ ಪ್ಯೂಪಕ್ಕೆ ಸಿಕ್ಕಿದ್ದು 25 ಮಿಲಿಗ್ರಾಂ. ಗೂಡಿನಿಂದ ನೂಲು ತೆಗೆಯುವ ನಮ್ಮ ಬಿಚ್ಚಾಣಿಕೆ ಘಟಕಗಳ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತೀವಲ್ಲ, ಅದೇ ಪ್ಯೂಪ.

ಮೇಡಂ ಚೀಟಿ ಕಳಿಸಿದ್ದಾರೆ, ಐದೇ ನಿಮಿಷ ಅಂತೆ. ರೇಷ್ಮೆ ಹುಳದ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣದ ಬಗ್ಗೆ ತುಂಬಾ ಹೇಳಬೇಕಿತ್ತು. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ನಮ್ಮ ರಾಜ್ಯಕ್ಕೆ ಬಂತು. ಆ ನೊಣದ ಪ್ಯೂಪವನ್ನೇ ತಿನ್ನುವ ನೆಸೊಲಿಂಕ್ಸ್ ಅನ್ನುವ ಪುಟ್ಟ ಕಣಜ ಬಿಟ್ಟು ಹತೋಟಿ ಮಾಡುತ್ತಾರೆ. ಪರಾವಲಂಬಿ ಜೀವನ ಅನ್ನುವ ಪಾಠ ಬಂದಾಗ ಇದನ್ನು ನೆನಪಿಸಿಕೊಳ್ಳಿ. ಕೊಳವೆಬಾವಿ ನೀರಿನ ಫ್ಲೋರೈಡ್, ನಮ್ಮೂರ ಮಕ್ಕಳ ಹಲ್ಲಿನ ಕಂದು ಕಲೆ, ಅದನ್ನು ಇನ್ನೊಂದು ದಿನ ಮಾತಾಡೋಣ. ನಮ್ಮ ಜಿಲ್ಲೆಯ ಹೊಸೂರಿನ ಎಚ್. ನರಸಿಂಹಯ್ಯನವರ ಹೆಸರು ಮಾತ್ರ ಹೇಳದೆ ಇಳಿಯುವುದಿಲ್ಲ. ಓದುವುದಕ್ಕೆ ಬೆಂಗಳೂರಿಗೆ ನಡೆದೇ ಹೋದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪವಾಡಗಳನ್ನು ಪರೀಕ್ಷೆ ಮಾಡಿ ನೋಡೋಣ ಅಂತ 1976ರಲ್ಲಿ ಸಮಿತಿ ಮಾಡಿದರು.

ಕೊನೆಗೆ ಕೆಲಸದ ಮಾತು. ಸೋಮವಾರದಿಂದ ಲ್ಯಾಬಿನಲ್ಲಿ ಒಂದು ಮೈಕ್ರೋಸ್ಕೋಪ್ ನಿಮಗಾಗಿ ಇರುತ್ತದೆ, ಮೇಡಂ ಒಪ್ಪಿದ್ದಾರೆ. ಮನೆಯಲ್ಲಿ ಹುಳ ಸತ್ತರೆ ತಿಪ್ಪೆಗೆ ಎಸೆಯಬೇಡಿ. ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿ ತನ್ನಿ. ಊರು, ತಾರೀಖು, ಎಷ್ಟನೇ ಜ್ವರ ಅಂತ ಚೀಟಿ ಅಂಟಿಸಿ. ಅರೆದು, ಒಂದು ಹನಿ ಗಾಜಿನ ಮೇಲೆ ಹಾಕಿ, 400 ಪಟ್ಟು ದೊಡ್ಡದು ಮಾಡಿ ನೋಡೋಣ. ಮೊಟ್ಟೆಯಾಕಾರದ ಹೊಳೆಯುವ ಕಣಗಳು ಕಂಡರೆ ಅದೇ ದಿನ ರೇಷ್ಮೆ ಇಲಾಖೆಗೆ ತಿಳಿಸಬೇಕು. ಡಬ್ಬಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಹುಳದ ಮನೆಗೆ ಹೋಗಬೇಡಿ.

ಈಗ ಪ್ರಶ್ನೆ ಕೇಳಿ. ಹಿಂದಿನ ಬೆಂಚಿನವರು ಮೊದಲು.