ಹೆಬ್ಬೆರಳು ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ನೀವೆಲ್ಲ ಒಂದು ಕೆಲಸ ಮಾಡಬೇಕು. ಎರಡೂ ಕೈ ಮುಂದಕ್ಕೆ ಚಾಚಿ, ಹೆಬ್ಬೆರಳು ಮೇಲೆತ್ತಿ, ಅಕ್ಕಪಕ್ಕ ಇಟ್ಟುಕೊಳ್ಳಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ನೋಡುತ್ತಾ ಬಲಗೈಯನ್ನು ಮಾತ್ರ ನಿಧಾನಕ್ಕೆ ಬಲಕ್ಕೆ ಸರಿಸಿ. ಮುಕ್ಕಾಲು ಗೇಣು ಹೋಗುವಷ್ಟರಲ್ಲಿ ಬಲ ಹೆಬ್ಬೆರಳಿನ ತುದಿ ಮಾಯ. ಆಯ್ತಾ? ಆಗದಿದ್ದರೆ ಇನ್ನೊಂದು ಸಲ ನೋಡಿ, ಕಣ್ಣು ಸುಮ್ನೆ ಆ ಕಡೆ ಓಡಿಬಿಡುತ್ತದೆ.

ಕಣ್ಣಿನಿಂದ ನರ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. 1660ರ ದಶಕದಲ್ಲೇ ಫ್ರಾನ್ಸಿನ ಮಾರಿಯೊಟ್ ಇದನ್ನು ಕಂಡುಹಿಡಿದಿದ್ದರು. ಆದರೆ ಬೆರಳು ಹೋದ ಜಾಗದಲ್ಲಿ ನಿಮಗೆ ಕಪ್ಪು ತೂತು ಕಾಣಲಿಲ್ಲ, ಹಿಂದಿನ ಗೋಡೆಯೇ ಕಂಡಿತು, ಅಲ್ವಾ? ಸುತ್ತಲಿನ ಬಣ್ಣವನ್ನೇ ಹಿಡಿದು ಮಿದುಳು ಅಲ್ಲಿ ತೇಪೆ ಹಾಕಿತು. ಹುಟ್ಟಿದಾಗಿನಿಂದ ಹಾಕುತ್ತಲೇ ಇದೆ.

ಕಣ್ಣಿನ ಕತೆ ಬಿಡಿ, ಮೈಯದ್ದೂ ಇದೇ ಹಾಡು. 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದರು. ಕೂತವರ ನಿಜವಾದ ಕೈಯನ್ನು ಮರೆಯಲ್ಲಿಟ್ಟು, ಕಣ್ಣೆದುರು ಒಂದು ರಬ್ಬರ್ ಕೈ ಇಟ್ಟು, ಎರಡರ ಮೇಲೂ ಒಂದೇ ಹೊತ್ತಿಗೆ ಬಣ್ಣದ ಬ್ರಷ್ ಆಡಿಸಿದರು. ಸ್ವಲ್ಪ ಹೊತ್ತಿಗೆ ಬಹಳ ಜನಕ್ಕೆ ಆ ರಬ್ಬರ್ ಕೈಯೇ ತಮ್ಮದು ಅನ್ನಿಸತೊಡಗಿತು. 2003ರಲ್ಲಿ ಆರ್ಮೆಲ್ ಮತ್ತು ವಿ. ಎಸ್. ರಾಮಚಂದ್ರನ್ ಹೀಗೇ ನಂಬಿಸಿ ರಬ್ಬರ್ ಕೈಯ ಬೆರಳನ್ನು ಹಿಂದಕ್ಕೆ ಬಗ್ಗಿಸಿದರೆ, ಕೂತವರ ಚರ್ಮ ನಿಜಕ್ಕೂ ಗಾಬರಿಯಲ್ಲಿ ಬೆವರಿತು.

ಈಗ ನಮ್ಮ ಮನೆಯ ವಿಷಯ ಹೇಳುತ್ತೇನೆ. ಅಕ್ಕನ ಮಗಳಿಗೆ ಆಗ ನಾಲ್ಕು ವರ್ಷ. ಕುದಿಯುವ ಸಾರು ಮುಂಗೈ ಮೇಲೆ ಚೆಲ್ಲಿತು. ಡ್ರೆಸ್ಸಿಂಗ್ ಬದಲಿಸುವಾಗ ಒಣಗಿ ಅಂಟಿದ ಬಟ್ಟೆಗೆ ನೀರು ಹಾಕಿ ಹಾಕಿ ನರ್ಸ್ ಒಂದೊಂದೇ ಎಳೆ ಬಿಡಿಸುತ್ತಿದ್ದರು. ಮಗು ಕಿರುಚುತ್ತಿತ್ತು. ನನಗೆ ಏನು ಮಾಡಬೇಕೋ ತೋಚದೆ ಫೋನಿನಲ್ಲಿ ಆನೆಮರಿ ಕೆರೆಗೆ ಇಳಿಯುವ ವಿಡಿಯೋ ಹಾಕಿ ಮುಖದ ಹತ್ತಿರ ಹಿಡಿದೆ. ಅಳು ನಿಲ್ಲಲಿಲ್ಲ, ಆದರೆ ಮಧ್ಯೆ ಮಧ್ಯೆ ಬಿಕ್ಕುತ್ತಲೇ "ಮಾಮ, ಅದು ಮುಳುಗುತ್ತಾ?" ಅಂತ ಕೇಳಿದಳು. ಅಷ್ಟರಲ್ಲಿ ಎರಡು ಎಳೆ ಬಿಟ್ಟಿತ್ತು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಇದನ್ನೇ ವರ್ಷಗಟ್ಟಲೆ ಕೂತು ಮಾಡಿದ್ದಾರೆ ಎಂದು ಆಮೇಲೆ ಓದಿದೆ. ಸುಟ್ಟ ಗಾಯದವರಿಗೆ ಡ್ರೆಸ್ಸಿಂಗ್ ಹೊತ್ತಲ್ಲಿ ವಿಆರ್ ಹೆಡ್‌ಸೆಟ್, ಅಂದರೆ ಕಂಪ್ಯೂಟರ್ ಕಟ್ಟಿದ ಲೋಕವನ್ನು ಕಣ್ತುಂಬ ತೋರಿಸುವ ಕನ್ನಡಕ, ಹಾಕುತ್ತಾರೆ. ಒಳಗೆ ಹಿಮದ ಕಣಿವೆ. ರೋಗಿ ಹಿಮಮಾನವರ ಮೇಲೆ, ಪೆಂಗ್ವಿನ್‌ಗಳ ಮೇಲೆ ಹಿಮದ ಉಂಡೆ ಎಸೆಯುತ್ತಾ ಹೋಗುತ್ತಾರೆ. ನೋವು ಕಡಿಮೆಯಾಯಿತು ಅಂತ ರೋಗಿಗಳೇ ಹೇಳಿದರು. ಆರೋಗ್ಯವಂತರಿಗೆ ಇದೇ ಹಿಮದ ಲೋಕ ತೋರಿಸುತ್ತಾ ಕಾಲಿಗೆ ಬಿಸಿ ತಾಗಿಸಿ ಸ್ಕ್ಯಾನ್ ಮಾಡಿದಾಗಲೂ ನೋವಿಗೆ ಸಂಬಂಧಿಸಿದ ಮಿದುಳಿನ ಭಾಗಗಳ ಚಟುವಟಿಕೆ ಇಳಿದಿತ್ತು. ಅಲ್ಲಿ ಹಿಮ ಒಂದು ಚೂರೂ ಇರಲಿಲ್ಲ, ನೋಡಿ. ಕಡಿಮೆಯಾದ ನೋವನ್ನು ಮಾತ್ರ ಸುಳ್ಳು ಅನ್ನೋಕೆ ಆಗುವುದಿಲ್ಲ.

ಅದಕ್ಕೇ "ಈ ಜಗತ್ತೇ ಒಂದು ಕಂಪ್ಯೂಟರ್ ಆಟವಂತೆ ಹೌದಾ" ಎಂದು ಹುಡುಗರು ಕೇಳಿದಾಗ ನಾನು ಪ್ರಶ್ನೆಯನ್ನು ತಿರುಗಿಸುತ್ತೇನೆ. 2003ರಲ್ಲಿ ತತ್ತ್ವಜ್ಞಾನಿ ನಿಕ್ ಬಾಸ್ಟ್ರಮ್ ಬರೆದ ಪ್ರಬಂಧದಿಂದ ಈ ಮಾತು ಜಾಸ್ತಿ ಹಬ್ಬಿತು. ನಾವು ಸಿಮ್ಯುಲೇಶನ್‌ನಲ್ಲೇ, ಅಂದರೆ ಕಂಪ್ಯೂಟರ್ ನಡೆಸುವ ಜಗತ್ತಿನಲ್ಲೇ, ಇದ್ದೇವೆ ಅಂತ ಅವರು ಹೇಳಲಿಲ್ಲ. ಅಂಥ ಜಗತ್ತು ಕಟ್ಟುವ ಶಕ್ತಿ ಬರುವ ಮೊದಲೇ ನಮ್ಮಂಥವರು ಅಳಿದುಹೋಗುತ್ತಾರೆ, ಇಲ್ಲವೇ ಶಕ್ತಿ ಬಂದರೂ ಅಂಥ ಆಟ ನಡೆಸುವುದಿಲ್ಲ, ಇಲ್ಲವೇ ನಾವು ಈಗಾಗಲೇ ಅದರೊಳಗಿದ್ದೇವೆ, ಈ ಮೂರರಲ್ಲಿ ಒಂದು ಬಹುತೇಕ ನಿಜವಿರಬೇಕು ಎಂದರು. ಆದರೆ ವಾದದ ಬುಡದಲ್ಲೇ ಒಂದು ಊಹೆ ಇದೆ: ಅರಿವಿಗೆ ಮಾಂಸದ ಮಿದುಳೇ ಬೇಕಿಲ್ಲ, ಸರಿಯಾದ ಲೆಕ್ಕ ಓಡಿಸಿದರೆ ಕಂಪ್ಯೂಟರಿನ ಸಿಲಿಕಾನ್‌ನಲ್ಲೂ ಅದು ಹುಟ್ಟುತ್ತದೆ ಅಂತ. ಅದನ್ನು ಒಪ್ಪಿದರೆ ಮಾತ್ರ ಉಳಿದದ್ದು ನಿಲ್ಲುತ್ತದೆ.

ಒಪ್ಪುವಷ್ಟು ನಮಗೆ ಗೊತ್ತಿದೆಯಾ? ಸಿ. ಎಲಿಗನ್ಸ್ ಅಂತ 1 ಮಿಲಿಮೀಟರ್ ಉದ್ದದ ಹುಳ ಇದೆ. ಅದರ ನರಕೋಶಗಳು ಒಟ್ಟು 302. ಯಾವುದು ಯಾವುದಕ್ಕೆ ಸೇರುತ್ತದೆ ಎಂಬ ಪೂರ್ತಿ ನಕ್ಷೆ 1986ರಲ್ಲೇ ಅಚ್ಚಾಯಿತು. ಇವತ್ತಿಗೂ ಆ ಹುಳದ ಬದುಕನ್ನು ಪೂರ್ತಿಯಾಗಿ ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸಲು ಆಗಿಲ್ಲ. ನಮ್ಮ ತಲೆಯಲ್ಲಿರುವುದು ಸುಮಾರು 8,600 ಕೋಟಿ. 1998ರಲ್ಲಿ ಮಿದುಳು ವಿಜ್ಞಾನಿ ಕ್ರಿಸ್ಟಾಫ್ ಕಾಖ್, ಇನ್ನು 25 ವರ್ಷದಲ್ಲಿ ಅರಿವಿನ ಗುರುತು ಮಿದುಳಿನಲ್ಲಿ ಸ್ಪಷ್ಟವಾಗಿ ಸಿಗುತ್ತದೆ ಎಂದು ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದ್ದರು. 2023ರಲ್ಲಿ ನ್ಯೂಯಾರ್ಕಿನ ವೇದಿಕೆ ಮೇಲೆ ಸೋಲು ಒಪ್ಪಿ ವೈನ್ ಬಾಟಲಿಗಳ ಪೆಟ್ಟಿಗೆ ಕೊಟ್ಟರು. ಆ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ನಾಳೆ ಯಾವುದೋ ಯಂತ್ರ "ನನಗೆ ನೋವಾಗುತ್ತಿದೆ" ಎಂದು ಬರೆದರೆ ನಂಬಬೇಕಾ? ಬರೆದದ್ದನ್ನಷ್ಟೇ ನೋಡಿ ನಂಬಬೇಡಿ ಎನ್ನುತ್ತೇನೆ ನಾನು. ಹಾಗಂತ ಎಂದಿಗೂ ಸಾಧ್ಯವಿಲ್ಲ ಅಂತ ಗೆರೆ ಎಳೆಯಲೂ ನನ್ನ ಕೈ ಬರುವುದಿಲ್ಲ.

ಅಕ್ಕನ ಮಗಳು ಈಗ ಮೂರನೇ ಕ್ಲಾಸು. ಮುಂಗೈ ಮೇಲೆ ಎಲೆಯ ಆಕಾರದ ಕಲೆ ಉಳಿದಿದೆ. ಅವತ್ತಿನದು ಏನು ನೆನಪಿದೆ ಅಂತ ಮೊನ್ನೆ ಕೇಳಿದೆ. ಉರಿ ಹೇಗಿತ್ತೋ ಅವಳಿಗೆ ಗೊತ್ತಿಲ್ಲ. ಆನೆಮರಿ ಕೆರೆಗೆ ಇಳಿದದ್ದು ಮಾತ್ರ, ನೀರಿನ ಬಣ್ಣದ ಸಮೇತ, ಪೂರ್ತಿ ಹೇಳಿದಳು.